ಬಚ್ಚಿಟ್ಟ ಭಕ್ತಿ



ಕಳೆದ ಶ್ರಾವಣದಲ್ಲಿ ನಮ್ಮ ಉಚಿತ ಪ್ರಸಾದ ನಿಲಯದಲ್ಲಿದ್ದು ಓದಿಹೋದ ಒಬ್ಬ ಶಿಷ್ಯ ಮಠಕ್ಕೆ ಬಂದಿದ್ದ. ದೂರದ ನಗರವೊಂದರಲ್ಲಿ ಅವನಿಗೆ ಉದ್ಯೋಗ. ಹೆಂಡತಿ, ಆರು ವರ್ಷದ ಮಗಳು ಜೊತೆಯಲ್ಲಿದ್ದಾರೆ. ಭಕ್ತರೆಲ್ಲ ಪ್ರಸಾದಕ್ಕೆ ತೆರಳಿದ ಮೇಲೆ ಅವನೊಬ್ಬನೇ ಹಿಂದೆ ಉಳಿದು, "ಬುದ್ಧೀ, ಕೆಲಸಕ್ಕೆ ಹೊರಡುವಾಗ ವಿಭೂತಿಯನ್ನು ಒರೆಸಿಕೊಂಡು ಹೋಗುತ್ತೇನೆ. ಲಿಂಗವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತೇನೆ. ಯಾರೂ ಬೇಡವೆಂದಿಲ್ಲ. ನಾಲ್ಕು ಜನ ಏನೆಂದು ಕೇಳಿಯಾರು ಎಂಬ ಸಂಕೋಚ ಅಷ್ಟೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಪೂಜೆ ಮಾಡಿಕೊಳ್ಳುತ್ತೇನೆ. ಬಚ್ಚಿಟ್ಟ ಭಕ್ತಿ ಭಕ್ತಿಯೇ, ಅಲ್ಲವೇ? ತಾವು ಹೇಳಬೇಕು" ಎಂದ. ಶಾಸ್ತ್ರ ಏನು ಹೇಳುತ್ತದೆಯೋ ಅದನ್ನು ನಾವು ಹೇಳಿದೆವು: ಅಂಗದಿಂದ ಲಿಂಗ ಅಗಲಬಾರದು. ಅವನು ನಮಸ್ಕರಿಸಿ ಹೊರಟುಹೋದ. ಅವನ ಪ್ರಶ್ನೆ ಮಾತ್ರ ನಮ್ಮಲ್ಲೇ ಉಳಿಯಿತು. ಉತ್ತರ ಸರಿಯಾಗಿತ್ತು, ಆದರೆ ಅದು ಅವನ ಪ್ರಶ್ನೆಗೆ ಕೊಟ್ಟ ಉತ್ತರವಾಗಿರಲಿಲ್ಲ.

ಆಗ ನಾವು ಓದುತ್ತಿದ್ದುದು ಆಸ್ಟ್ರಿಯಾ ದೇಶದ ಲೂಥರನ್ ಸಭೆಯ ಚರಿತ್ರೆಯನ್ನು. ವೀರಶೈವ ಮಠದಲ್ಲಿ ಕುಳಿತವರಿಗೆ ಅದರ ಗೊಡವೆ ಏಕೆಂದು ಕೆಲವರಿಗೆ ಅನ್ನಿಸಬಹುದು. ಕಿಟೆಲ್ಲರ ಕನ್ನಡ ನಿಘಂಟನ್ನು ಬಳಸದ ಪಂಡಿತನು ನಮ್ಮ ನಾಡಿನಲ್ಲಿಲ್ಲ. ಬಸವಪುರಾಣವನ್ನು ಅಚ್ಚಿನಲ್ಲಿ ಮೊದಲು ತಂದವರಲ್ಲಿ ಮೋಗ್ಲಿಂಗರ ಹೆಸರನ್ನು ಹೇಳಲೇಬೇಕು. ಇವರಿಬ್ಬರನ್ನೂ ಕಳುಹಿದ ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತು. ಅದರ ಮೂಲವನ್ನು ಹುಡುಕುತ್ತ ಹೋದರೆ, 1780ರಲ್ಲಿ ಬಾಸೆಲ್‌ನಲ್ಲಿ ಸ್ಥಾಪಿತವಾದ ಒಂದು ಕ್ರೈಸ್ತ ಸಂಘವನ್ನೂ ಅದರ ಸ್ಥಾಪಕನಾದ ಯೋಹಾನ್ ಔಗುಸ್ಟ್ ಉರ್ಲ್‌ಸ್ಪೆರ್ಗರ್ ಎಂಬಾತನನ್ನೂ ಮುಟ್ಟುತ್ತೇವೆ. ಇವನ ತಂದೆ ಸ್ಯಾಮ್ಯುಯೆಲ್ ಉರ್ಲ್‌ಸ್ಪೆರ್ಗರ್ ಔಗ್ಸ್‌ಬುರ್ಗ್ ನಗರದ ಹಿರಿಯ ಪಾದ್ರಿ. ಧರ್ಮದ ಕಾರಣಕ್ಕಾಗಿ ಮನೆಮಠ ಕಳೆದುಕೊಂಡು ಬಂದ ಸಾಲ್ಟ್ಸ್‌ಬುರ್ಗ್‌ನ ರೈತರಿಗೆ ಆಶ್ರಯ ಒದಗಿಸಿದವನು. ಅಲ್ಲಿಗೆ ಬಂದ ಮೇಲೆ ನಿಘಂಟಿನ ವಿಷಯ ಮರೆತು ಆ ರೈತರ ಹಿಂದೆಯೇ ನಾವು ಹೋದೆವು. ಶಿಷ್ಯನ ಪ್ರಶ್ನೆಯನ್ನು ಅವರು ಅವನಿಗಿಂತ ಬಹು ಹಿಂದೆಯೇ ತಮಗೆ ತಾವೇ ಕೇಳಿಕೊಂಡಿದ್ದರು. ಅದಕ್ಕೆ ಉತ್ತರವಾಗಿ ಪ್ರಾಣವನ್ನೂ ಮಕ್ಕಳನ್ನೂ ಪಣವಾಗಿಟ್ಟಿದ್ದರು.

ಇಂದು ಆಸ್ಟ್ರಿಯಾ ಎಂದರೆ ಕ್ಯಾಥೊಲಿಕ್ ದೇಶವೆಂದೇ ಲೋಕಕ್ಕೆ ಪರಿಚಯ. ಆದರೆ ಮಾರ್ಟಿನ್ ಲೂಥರನು 1517ರಲ್ಲಿ ವಿಟೆನ್‌ಬೆರ್ಗ್‌ನಲ್ಲಿ ತನ್ನ ವಾದಸೂತ್ರಗಳನ್ನು ಪ್ರಕಟಿಸಿದ ಮೇಲೆ ಅವನ ಬೋಧೆ ಆಲ್ಪ್ಸ್ ಪರ್ವತದ ಕಣಿವೆಗಳಿಗೆ ಹಬ್ಬಲು ಹೆಚ್ಚು ಕಾಲ ಹಿಡಿಯಲಿಲ್ಲ. 1522ರ ಜನವರಿಯಲ್ಲಿ ವಿಯೆನ್ನಾದ ಸಂತ ಸ್ಟೀಫನ್ನನ ಮಹಾದೇವಾಲಯದಲ್ಲೇ ಪೌಲ್ ಸ್ಪೆರಾಟುಸ್ ಎಂಬಾತ ಹೊಸ ಬೋಧೆಯನ್ನು ಉಪದೇಶಿಸಿದನು. 1524ರಲ್ಲಿ ಅದೇ ನಗರದ ವರ್ತಕ ಕಾಸ್ಪರ್ ಟೌಬರ್ ತನ್ನ ಮಾತನ್ನು ಹಿಂತೆಗೆದುಕೊಳ್ಳಲು ಒಪ್ಪದೆ ಶಿರಚ್ಛೇದಕ್ಕೆ ಗುರಿಯಾದನು. ಅಲ್ಲಿಂದ ಐವತ್ತು ವರ್ಷಗಳೊಳಗೆ ಶ್ರೀಮಂತ ಮನೆತನಗಳಲ್ಲಿ ಬಹುಪಾಲು, ಪಟ್ಟಣಿಗರಲ್ಲಿಯೂ ರೈತರಲ್ಲಿಯೂ ಅಸಂಖ್ಯ ಜನ ಲೂಥರನ ಪಕ್ಷದವರಾಗಿದ್ದರು. ಚಕ್ರವರ್ತಿ ಎರಡನೆಯ ಮ್ಯಾಕ್ಸಿಮಿಲಿಯನ್ 1568ರಲ್ಲಿ ಕೆಳ ಆಸ್ಟ್ರಿಯಾದ ಶ್ರೀಮಂತರಿಗೆ ತಮ್ಮ ಕೋಟೆಗಳಲ್ಲಿ, ತಮ್ಮ ಜಹಗೀರುಗಳಲ್ಲಿ ಈ ಮತವನ್ನು ಆಚರಿಸಲು ಅನುಮತಿ ಕೊಟ್ಟು, 1571ರಲ್ಲಿ ಬರಹದಲ್ಲಿಯೂ ಖಚಿತಪಡಿಸಿದನು. ಗಮನಿಸಿ: ಅನುಮತಿ ದೊರೆತದ್ದು ಜಹಗೀರುದಾರನಿಗೆ. ಅವನ ಹೊಲ ಉಳುವವನಿಗೆ ಅದು ನೆರಳಿನ ಹಾಗೆ ಲಭಿಸಿತ್ತು. ಮರ ಬಿದ್ದರೆ ನೆರಳೂ ಇಲ್ಲ.

ಯಥಾ ರಾಜಾ ತಥಾ ಪ್ರಜಾ ಎಂದು ನಾವು ಗಾದೆಯಾಗಿ ಆಡುತ್ತೇವೆ. 1555ರ ಔಗ್ಸ್‌ಬುರ್ಗ್ ಒಪ್ಪಂದದ ಬಳಿಕ ಜರ್ಮನ್ ಸಾಮ್ರಾಜ್ಯದಲ್ಲಿ ಇದೇ ಕಾನೂನಾಗಿತ್ತು. ಅರಸನದು ಯಾವ ಮತವೋ ಪ್ರಜೆಯದೂ ಅದೇ. ಒಪ್ಪದವನು ಆಸ್ತಿ ಮಾರಿ ದೇಶ ಬಿಡಬಹುದು. ಈ ನಿಯಮವನ್ನು ಕ್ಯಾಥೊಲಿಕ್ ಅರಸರಷ್ಟೇ ಲೂಥರನ್ ಅರಸರೂ ಪ್ರಯೋಗಿಸಿದರೆಂಬುದನ್ನು ನ್ಯಾಯದೃಷ್ಟಿಯುಳ್ಳವನು ಮರೆಯಕೂಡದು. ಆಸ್ಟ್ರಿಯಾದಲ್ಲಿ ಅದು ಹ್ಯಾಬ್ಸ್‌ಬುರ್ಗ್ ಅರಸರ ಕೈಯಲ್ಲಿತ್ತು. ಮುಂದೆ ಚಕ್ರವರ್ತಿಯಾದ ಫರ್ಡಿನಾಂಡನು 1598ರಲ್ಲಿ ಗ್ರಾಟ್ಸ್ ಪಟ್ಟಣದಿಂದ ಲೂಥರನ್ ಉಪದೇಶಕರನ್ನೂ ಉಪಾಧ್ಯಾಯರನ್ನೂ ಹೊರಡಿಸಿದ. 1600ರಲ್ಲಿ ಪಟ್ಟಣಿಗರು ಒಬ್ಬೊಬ್ಬರಾಗಿ ಅಧಿಕಾರಿಗಳ ಮುಂದೆ ನಿಂತು, ಮತ ಬದಲಿಸುವಿರೋ ಊರು ಬಿಡುವಿರೋ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾಯಿತು. ಸಾವಿರಾರು ಗ್ರಂಥಗಳನ್ನು ರಾಶಿ ಹಾಕಿ ಸುಟ್ಟರು. ಆ ಪಟ್ಟಣದ ಲೂಥರನ್ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಉಪಾಧ್ಯಾಯನೊಬ್ಬ ಮತ ಬದಲಿಸಲೊಲ್ಲೆನೆಂದು ಹೇಳಿ ಸಂಸಾರದೊಡನೆ ಹೊರಟನು. ಅವನ ಹೆಸರು ಯೋಹಾನೆಸ್ ಕೆಪ್ಲರ್. ಗ್ರಹಗಳ ಚಲನೆಯ ನಿಯಮಗಳನ್ನು ನಮ್ಮ ವಿದ್ಯಾರ್ಥಿಗಳು ಕಂಠಪಾಠ ಮಾಡುತ್ತಾರಲ್ಲ, ಅದೇ ಕೆಪ್ಲರ್.

ಅನಂತರದ ಸಂಗತಿಗಳನ್ನು ಚುಟುಕಾಗಿ ಹೇಳುತ್ತೇವೆ. 1620ರಲ್ಲಿ ಪ್ರಾಗ್ ನಗರದ ಬಳಿ ನಡೆದ ಯುದ್ಧದಲ್ಲಿ ಪ್ರಾಟೆಸ್ಟೆಂಟ್ ಶ್ರೀಮಂತರು ಸೋತರು. 1624ರಲ್ಲಿ ಮೇಲು ಆಸ್ಟ್ರಿಯಾದಿಂದ ಉಪದೇಶಕರ ಉಚ್ಚಾಟನೆಯಾಯಿತು. 1625ರ ಮೇ ತಿಂಗಳಲ್ಲಿ ಫ್ರಾಂಕೆನ್‌ಬುರ್ಗ್ ಎಂಬಲ್ಲಿ, ಕ್ಯಾಥೊಲಿಕ್ ಪಾದ್ರಿಯನ್ನು ವಿರೋಧಿಸಿದ ಊರುಗಳ ಹಿರಿಯರು 36 ಮಂದಿಯನ್ನು ಒಂದು ಮರದ ಕೆಳಗೆ ನಿಲ್ಲಿಸಿ, ಇಬ್ಬಿಬ್ಬರಾಗಿ ದಾಳ ಉರುಳಿಸುವಂತೆ ಆಜ್ಞೆಯಾಯಿತು, ಸೋತವರಿಗೆ ನೇಣು. ಮಹಾಭಾರತದ ದ್ಯೂತವನ್ನು ಓದಿ ಕಣ್ಣೀರು ಹಾಕುವ ನಮಗೆ ಈ ದ್ಯೂತ ತಿಳಿಯದು. ಮರುವರ್ಷ ರೈತರು ದಂಗೆಯೆದ್ದರು, ಸೋತರು. ಶ್ರೀಮಂತರಲ್ಲಿ ಅನೇಕರು ಮತ ಬದಲಿಸಿದರು, ಅನೇಕರು ದೇಶ ಬಿಟ್ಟರು. ಹೀಗೆ ಲೂಥರನ್ ಧರ್ಮ ಆಸ್ಟ್ರಿಯಾದಲ್ಲಿ ಅಳಿಯಿತೆಂದು ಸರಕಾರಿ ದಾಖಲೆಗಳು ಹೇಳಿಕೊಂಡವು.

ಅದು ಅಳಿದಿರಲಿಲ್ಲ. ಸಾಲ್ಟ್ಸ್‌ಕಮ್ಮರ್‌ಗುಟ್ ಎಂಬ ಉಪ್ಪಿನ ಗಣಿಗಳ ಸೀಮೆಯ ಗೊಸೌ, ಗೊಯ್ಸೆರ್ನ್ ಮೊದಲಾದ ಹಳ್ಳಿಗಳಲ್ಲಿ, ಸ್ಟೈರಿಯಾದ ರಾಮ್‌ಸೌ ಎಂಬ ಬೆಟ್ಟದ ಊರಿನಲ್ಲಿ, ಕರಿಂಥಿಯಾದ ಒಂಟಿಮನೆಗಳಲ್ಲಿ ಅದು ಅಡಗಿ ಬದುಕಿತು. ಈ ಬದುಕಿನ ರೀತಿಯನ್ನು ಓದುಗರು ಕಣ್ಣಮುಂದೆ ತಂದುಕೊಳ್ಳಬೇಕು. ಪಾದ್ರಿಯಿಲ್ಲ, ಚರ್ಚಿಲ್ಲ, ಪ್ರಭುಭೋಜನದ ಸಂಸ್ಕಾರವಿಲ್ಲ. ಇದ್ದದ್ದು ಎರಡೇ: ಪುಸ್ತಕ ಮತ್ತು ಮನೆ. ಲೂಥರನು ಜರ್ಮನ್ ಭಾಷೆಗೆ ತಂದ ಬೈಬಲ್, ಅವನ ಪ್ರಶ್ನೋತ್ತರಿ, ಒಂದು ಉಪದೇಶ ಸಂಗ್ರಹ, ಒಂದು ಪ್ರಾರ್ಥನಾ ಪುಸ್ತಕ. ಇವನ್ನು ನೆಲದ ಹಲಗೆಯ ಅಡಿಯಲ್ಲಿ, ಗೋಡೆಯ ಸಂದಿನಲ್ಲಿ, ಕೊಟ್ಟಿಗೆಯ ಹುಲ್ಲಿನೊಳಗೆ ಇಡುತ್ತಿದ್ದರು. ಬೆನ್ನಿನ ಮೇಲೆ ಸರಕು ಹೊತ್ತು ತಿರುಗುವ ವ್ಯಾಪಾರಿಗಳು ಜರ್ಮನಿಯ ಕಡೆಯಿಂದ ಹೊಸ ಪ್ರತಿಗಳನ್ನು ಕದ್ದು ತರುತ್ತಿದ್ದರು. ರಾತ್ರಿ ಬಾಗಿಲು ಕಿಟಕಿ ಮುಚ್ಚಿ ಮನೆಯ ಯಜಮಾನನೋ ಯಜಮಾನಿಯೋ ಓದುವುದು, ಮಕ್ಕಳು ಆಳುಕಾಳುಗಳು ಕೇಳುವುದು. ಬೆಳಗಾದರೆ ಭಾನುವಾರ, ಅದೇ ಜನ ಕ್ಯಾಥೊಲಿಕ್ ಚರ್ಚಿಗೆ ಹೋಗಿ ಬಲಿಪೂಜೆಯಲ್ಲಿ ಮಂಡಿಯೂರಬೇಕು, ಪಾದ್ರಿಯ ಬಳಿ ಪಾಪನಿವೇದನೆ ಮಾಡಬೇಕು, ಅವನ ಕೈಯಿಂದಲೇ ಮಗುವಿಗೆ ದೀಕ್ಷಾಸ್ನಾನ, ಅವನ ಕೈಯಿಂದಲೇ ಮದುವೆ, ಕೊನೆಗೆ ಮಣ್ಣೂ ಅವನ ಕೈಯಿಂದಲೇ. ಒಂದಲ್ಲ ಎರಡಲ್ಲ, ಸುಮಾರು ನೂರೈವತ್ತು ವರ್ಷ, ಐದಾರು ತಲೆಮಾರು ಹೀಗೆ ನಡೆಯಿತು.

ಈಗ ಶಿಷ್ಯನ ಪ್ರಶ್ನೆಗೆ ಬರೋಣ. ಇದು ಭಕ್ತಿಯೇ, ಕಪಟವೇ?

ಕಪಟವೆಂದು ಖಂಡಿಸಿದವರು ಪ್ರಾಟೆಸ್ಟೆಂಟರಲ್ಲೇ ಇದ್ದರು. ಯೇಸುವನ್ನು ಕಾಣಲು ನಿಕೊದೇಮನೆಂಬ ಪಂಡಿತ ರಾತ್ರಿವೇಳೆ ಬಂದನೆಂದು ಬೈಬಲಿನಲ್ಲಿದೆ. ಆ ಹೆಸರನ್ನು ಹಿಡಿದು, ಫ್ರಾನ್ಸಿನಲ್ಲಿ ಒಳಗೊಂದು ಹೊರಗೊಂದು ಆಗಿ ಬಾಳುತ್ತಿದ್ದವರನ್ನು ಜಾನ್ ಕ್ಯಾಲ್ವಿನ್ 1544ರಲ್ಲಿ ಕಟುವಾಗಿ ಟೀಕಿಸಿ ಬರೆದನು. ದೇಹವೂ ದೇವರದೇ, ಮಂಡಿಯನ್ನು ಒಬ್ಬರಿಗೂ ಮನಸ್ಸನ್ನು ಇನ್ನೊಬ್ಬರಿಗೂ ಕೊಡಲಾಗದು, ತಾಳಲಾರದವನು ದೇಶ ಬಿಡಲಿ ಎಂಬುದು ಅವನ ವಾದದ ಸಾರ. ಕ್ಯಾಲ್ವಿನ್ ಸ್ವತಃ ದೇಶ ಬಿಟ್ಟವನಾದ್ದರಿಂದ ಹಾಗೆ ಹೇಳುವ ಅಧಿಕಾರ ಅವನಿಗಿತ್ತು. ಆದರೆ ಅವನು ಪಂಡಿತ, ಲೇಖನಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಎಲ್ಲಿಯೂ ಬದುಕಬಲ್ಲವನು. ಬೆಟ್ಟದ ಇಳಿಜಾರಿನ ಎರಡು ಹೊಲ, ನಾಲ್ಕು ಹಸು ಇವನ್ನೇ ನಂಬಿದ ರೈತನಿಗೆ ದೇಶ ಬಿಡುವುದೆಂದರೆ ಬೇರು ಕೀಳುವುದು.

ಇನ್ನೊಂದು ಕಡೆಯಿಂದ ಇಮಾನ್ಯುಯೆಲ್ ಕಾಂಟ್ ಇದ್ದಾನೆ. ವಿಶ್ವವಿದ್ಯಾಲಯದಲ್ಲಿ ಅವನ ನೀತಿಶಾಸ್ತ್ರವನ್ನು ಓದಿದ ದಿನಗಳಿಂದಲೂ ನಮಗೆ ಅವನಲ್ಲಿ ಗೌರವ, ಅದರೊಡನೆ ಒಂದು ಜಗಳ. ಕೊಲೆಗಡುಕನೊಬ್ಬ ಬಂದು, ನಿನ್ನ ಗೆಳೆಯ ಮನೆಯೊಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳಾಡಕೂಡದೆಂದು 1797ರ ಒಂದು ಪ್ರಬಂಧದಲ್ಲಿ ಅವನು ವಾದಿಸಿದ್ದಾನೆ. ಅವನು ಹುಟ್ಟಿ ಬಾಳಿದ್ದು ಪೂರ್ವ ಪ್ರಷ್ಯಾದ ಕ್ಯೋನಿಗ್ಸ್‌ಬೆರ್ಗ್‌ನಲ್ಲಿ. ಈಗ ಹೇಳಲಿರುವ ಸಾಲ್ಟ್ಸ್‌ಬುರ್ಗ್‌ನ ನಿರ್ವಾಸಿತರು 1732ರಲ್ಲಿ ಹಡಗುಗಳಿಂದಿಳಿದದ್ದೂ ಆ ನಗರದಲ್ಲೇ. ಬಾಲಕ ಕಾಂಟನಿಗೆ ಆಗ ಎಂಟು ವರ್ಷ. ಸುಳ್ಳಾಡಲು ಒಲ್ಲದೆ ಮನೆ ಕಳೆದುಕೊಂಡವರು ಅವರು. ಕಾಂಟನ ಪಕ್ಷಕ್ಕೆ ಅವರಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಸಾಲ್ಟ್ಸ್‌ಬುರ್ಗ್ ಆಗ ಹ್ಯಾಬ್ಸ್‌ಬುರ್ಗ್ ಅರಸರಿಗೆ ಸೇರದೆ, ಒಬ್ಬ ಆರ್ಚ್‌ಬಿಷಪನೇ ದೊರೆಯಾಗಿ ಆಳುತ್ತಿದ್ದ ಸಂಸ್ಥಾನ. 1727ರಲ್ಲಿ ಅಧಿಕಾರಕ್ಕೆ ಬಂದ ಲಿಯೊಪೋಲ್ಡ್ ಆಂಟನ್ ಫಿರ್ಮಿಯನ್ ಎಂಬ ಆರ್ಚ್‌ಬಿಷಪ್ ಒಂದು ನಮಸ್ಕಾರವಚನವನ್ನು ಜಾರಿಗೆ ತಂದನು. ಎದುರಾದವರು ಯೇಸುಕ್ರಿಸ್ತನಿಗೆ ಸ್ತುತಿಯಾಗಲೆಂದು ಹೇಳಬೇಕು, ಇನ್ನೊಬ್ಬರು ಅದಕ್ಕೆ ತಕ್ಕ ಉತ್ತರ ಕೊಡಬೇಕು. ಕ್ರಿಸ್ತನ ಹೆಸರು ಹೇಳಲು ಲೂಥರನ್ನರಿಗೆ ಅಡ್ಡಿಯೇನು? ಅಡ್ಡಿ ಹೆಸರಿನಲ್ಲಿರಲಿಲ್ಲ. ಹಾಗೆ ಹೇಳಿದವರಿಗೆ ಪಾಪದ ಶಿಕ್ಷೆಯಲ್ಲಿ ರಿಯಾಯಿತಿಯುಂಟೆಂದು ಪೋಪರು ವಿಧಿಸಿದ್ದರು. ಆ ರಿಯಾಯಿತಿಯ ತತ್ತ್ವವನ್ನೇ ಲೂಥರನು ಮೊದಲು ವಿರೋಧಿಸಿದ್ದು. ಆದುದರಿಂದ ರೈತನು ದಾರಿಯಲ್ಲಿ ಬಾಯಿ ಮುಚ್ಚಿಕೊಂಡ. ಮೌನವೇ ಅವನನ್ನು ಹಿಡಿದುಕೊಟ್ಟಿತು. ನೂರು ವರ್ಷ ಬಲಿಪೂಜೆಗೆ ಮಂಡಿಯೂರಿದವರು ಎರಡು ಮಾತಿನ ನಮಸ್ಕಾರಕ್ಕೆ ಬಂದು ನಿಂತುಬಿಟ್ಟರು. ಇದನ್ನು ಓದಿದಾಗ ನಮಗೆ ವಿಚಿತ್ರವೆನಿಸಿತು, ಯೋಚಿಸಿದಂತೆ ಅರ್ಥವಾಯಿತು. ಚರ್ಚಿಗೆ ಹೋಗುವುದು ವಾರಕ್ಕೊಮ್ಮೆ ಕೊಡುವ ಕಂದಾಯದಂತೆ. ದಾರಿಯಲ್ಲಿ ನೆರೆಯವನಿಗೆ ಹೇಳುವ ಮಾತು ಮನುಷ್ಯನ ಸ್ವಂತದ್ದು. ಅದನ್ನೂ ಕೇಳಿದಾಗ ಅವನಲ್ಲಿ ಇನ್ನೇನೂ ಉಳಿಯುವುದಿಲ್ಲ.

1731ರ ಆಗಸ್ಟ್ 5ರಂದು ಶ್ವಾರ್ಟ್ಸಾಖ್ ಎಂಬ ಊರಿನಲ್ಲಿ ಹಳ್ಳಿಗಳ ಪ್ರತಿನಿಧಿಗಳು ಸೇರಿ, ಮೇಜಿನ ಮೇಲೆ ಉಪ್ಪನ್ನಿಟ್ಟು, ಬೆರಳದ್ದಿ, ನಂಬಿಕೆಯನ್ನು ಬಿಡುವುದಿಲ್ಲವೆಂದು ಆಣೆ ಮಾಡಿದರು. ಉಂಡ ಉಪ್ಪು ನಮ್ಮಲ್ಲಿ ಧಣಿಯ ಋಣವನ್ನು ನೆನಪಿಸುತ್ತದೆ. ಅಲ್ಲಿ ಅದು ಧಣಿಯ ಎದುರಿಗೆ ಸಮಾನರನ್ನು ಒಬ್ಬರಿಗೊಬ್ಬರು ಕಟ್ಟಿಹಾಕಿತು. ದೊರೆ ಇದನ್ನು ರಾಜದ್ರೋಹವೆಂದು ಕರೆದನು. ಹಾಗೆ ಕರೆಯಲು ಕಾರಣವಿತ್ತು. 1648ರ ವೆಸ್ಟ್‌ಫಾಲಿಯಾ ಒಪ್ಪಂದದಂತೆ ಮತದ ಕಾರಣಕ್ಕೆ ದೇಶ ಬಿಡುವವರಿಗೆ ಮೂರು ವರ್ಷಗಳ ಅವಧಿ ಕೊಡಬೇಕಿತ್ತು. ದ್ರೋಹಿಗಳಿಗೆ ಆ ಅವಧಿಯಿಲ್ಲ. ಅಕ್ಟೋಬರ್ 31ರ ಆಜ್ಞಾಪತ್ರದಲ್ಲಿ, ಆಸ್ತಿಯಿಲ್ಲದ ಆಳುಗಳು, ಕೂಲಿಗಳು, ಗಣಿಯ ಕೆಲಸದವರು, ಹನ್ನೆರಡು ವರ್ಷ ದಾಟಿದ್ದರೆ ಎಂಟೇ ದಿನಗಳಲ್ಲಿ ಹೊರಡಬೇಕೆಂದೂ, ಮನೆ ಹೊಲ ಉಳ್ಳವರಿಗೆ ಹೆಚ್ಚೆಂದರೆ ಮೂರು ತಿಂಗಳೆಂದೂ ವಿಧಿಸಲಾಯಿತು. ಚಳಿಗಾಲ ಆಗಲೇ ಬಾಗಿಲಲ್ಲಿತ್ತು. ಸುಮಾರು 20,000 ಜನ ಹೊರಬಿದ್ದರು. ಪ್ರಷ್ಯಾದ ದೊರೆ ಮೊದಲನೆಯ ಫ್ರೆಡೆರಿಕ್ ವಿಲಿಯಂ 1732ರ ಫೆಬ್ರವರಿಯಲ್ಲಿ ಅವರನ್ನು ಬರಮಾಡಿಕೊಂಡನು. ಪ್ಲೇಗಿನಿಂದ ಬರಿದಾಗಿದ್ದ ಅವನ ಪೂರ್ವಪ್ರಾಂತ್ಯಕ್ಕೆ ರೈತರು ಬೇಕಾಗಿದ್ದರು. ಕರುಣೆಯೂ ಲಾಭವೂ ಅಲ್ಲಿ ಒಂದೇ ಗಾಡಿಯಲ್ಲಿ ಕುಳಿತವು.

ಆದರೆ, ಓದುಗರೇ, ನಮ್ಮನ್ನು ಹೆಚ್ಚು ಕಾಡಿದ್ದು ಈ ದೊಡ್ಡ ಮೆರವಣಿಗೆಯಲ್ಲ. ಅದಕ್ಕೂ ಹಿಂದೆ, 1680ರ ದಶಕದಲ್ಲಿ, ಡೆಫೆರೆಗೆನ್ ಕಣಿವೆಯಿಂದಲೂ ಡ್ಯುರ್ನ್‌ಬೆರ್ಗ್ ಉಪ್ಪಿನ ಗಣಿಯಿಂದಲೂ ಕೆಲವರನ್ನು ಹೊರಡಿಸಿದಾಗ, ಅವರ ಮಕ್ಕಳನ್ನು ಹಿಡಿದಿಟ್ಟುಕೊಂಡರು. ಕ್ಯಾಥೊಲಿಕರಾಗಿ ಬೆಳೆಸಿದರೆ ಆತ್ಮಗಳು ಉಳಿದಾವು ಎಂಬುದು ಅಧಿಕಾರಿಗಳ ಪ್ರಾಮಾಣಿಕ ನಂಬಿಕೆ. ಯೋಸೆಫ್ ಶೈಟ್‌ಬೆರ್ಗರ್ ಎಂಬ ಗಣಿಗಾರನು ಹೀಗೆ ಮಕ್ಕಳನ್ನು ಕಳೆದುಕೊಂಡು ನ್ಯೂರೆನ್‌ಬೆರ್ಗ್‌ನಲ್ಲಿ ಬಡವನಾಗಿ ಬಾಳಿ 1733ರಲ್ಲಿ ತೀರಿಕೊಂಡನು. ಅಲ್ಲಿಂದ ಅವನು ಬರೆದ ಪತ್ರಗಳು ಅಚ್ಚಾಗಿ, ಹಿಂದೆ ಉಳಿದವರ ಗೋಡೆಯ ಸಂದುಗಳನ್ನು ಸೇರಿದವು. ಚಕ್ರವರ್ತಿ ಆರನೆಯ ಚಾರ್ಲ್ಸನ ಕಾಲದಲ್ಲಿ 1734ರಿಂದ, ಮತ್ತೆ ಅವನ ಮಗಳು ಮರಿಯಾ ತೆರೇಸಾಳ ಕಾಲದಲ್ಲಿ 1752ರಿಂದ, ಸಿಕ್ಕಿಬಿದ್ದ ಲೂಥರನ್ನರನ್ನು ದೂರದ ಟ್ರಾನ್ಸಿಲ್ವೇನಿಯಾಕ್ಕೆ ಸಾಗಿಸುವ ಪದ್ಧತಿ ಬಂದಿತು. ಆಗಲೂ ಎಷ್ಟೋ ಮಕ್ಕಳನ್ನು ಹಿಂದೆ ಇರಿಸಿಕೊಂಡರು. ಹೆಣ್ಣಾದ ರಾಣಿ, ಹದಿನಾರು ಮಕ್ಕಳ ತಾಯಿ, ಈ ಆಜ್ಞೆಗೆ ಹೇಗೆ ರುಜು ಹಾಕಿದಳೆಂದು ನಾವು ಬಹಳ ಹೊತ್ತು ಯೋಚಿಸಿದ್ದೇವೆ. ಅಲ್ಲಿಗೆ ಹೋದವರ ಸಂತತಿಯನ್ನು ಲಾಂಡ್ಲರ್ ಎಂದು ಕರೆಯುತ್ತಾರೆ. ಸಿಬಿಯು ನಗರದ ಸುತ್ತಲಿನ ಹಳ್ಳಿಗಳಲ್ಲಿ ಎರಡು ನೂರು ವರ್ಷಗಳಿಗೂ ಮಿಕ್ಕಿ ಅವರು ತಮ್ಮ ಬೆಟ್ಟದ ಆಡುಮಾತನ್ನು ಉಳಿಸಿಕೊಂಡಿದ್ದರು.

ಇದನ್ನು ತಿಳಿದ ಮೇಲೆ ಕ್ಯಾಲ್ವಿನ್ ಹೇಳಿದಷ್ಟು ಸುಲಭವಾಗಿ ನಾವು ಹೇಳಲಾರೆವು. ಸತ್ಯ ನುಡಿದರೆ ನನ್ನ ತಲೆ ಹೋಗುತ್ತದೆ ಎನ್ನುವವನಿಗೆ ಧೈರ್ಯ ತಾಳೆಂದು ಹೇಳಬಹುದು. ಸತ್ಯ ನುಡಿದರೆ ನನ್ನ ನಾಲ್ಕು ವರ್ಷದ ಮಗು ಪರರ ಪಾಲಾಗುತ್ತದೆ, ನಾನು ಕಾಪಾಡಬೇಕಾದ ನಂಬಿಕೆಯನ್ನೇ ದ್ವೇಷಿಸಲು ಕಲಿಯುತ್ತದೆ ಎನ್ನುವವನಿಗೆ ಏನು ಹೇಳೋಣ? ಅಡಗಿಸುವುದೂ ಒಂದು ಕಾವಲು. ದೀಪವನ್ನು ಗಾಳಿಗೆ ಹಿಡಿಯುವವನು ಶೂರ, ಅಂಗೈ ಅಡ್ಡ ಹಿಡಿಯುವವನು ಹೇಡಿ ಎಂದು ಯಾರೂ ಹೇಳುವುದಿಲ್ಲ. ಆದರೆ ಈ ಕಾವಲಿಗೂ ಬೆಲೆಯುಂಟು, ಅದನ್ನು ಮರೆಮಾಚಬಾರದು. ಮಗುವನ್ನು ಕಾಪಾಡಲೆಂದು ಮಗುವಿಗೇ ಸುಳ್ಳನ್ನು ಕಲಿಸಬೇಕು. ರಾತ್ರಿ ಕೇಳಿದ್ದನ್ನು ಹಗಲು ಆಡದಿರು, ಪಾದ್ರಿ ಕೇಳಿದರೆ ಹೀಗೆ ಹೇಳು, ಗೆಳತಿಗೂ ಹೇಳಬೇಡ. ಐದಾರು ತಲೆಮಾರು ಈ ಪಾಠ ಕಲಿತ ಜನರ ನಾಲಗೆಯ ಮೇಲೆ ಅದರ ಗಾಯ ಉಳಿಯದೆ ಹೋದೀತೆ? ಅವರು ದೇವರ ಮುಂದೆ ನಿರ್ದೋಷಿಗಳೆಂದು ನಾವು ನಂಬುತ್ತೇವೆ. ಗಾಯವಿಲ್ಲದವರೆಂದು ನಂಬುವುದಿಲ್ಲ.

ಅವರ ಭಕ್ತಿ ನಿಜವೇ ಎಂಬುದಕ್ಕೆ ಇತಿಹಾಸ ಒಂದು ಪರೀಕ್ಷೆಯನ್ನು ಇಟ್ಟಿತು. 1781ರ ಅಕ್ಟೋಬರ್ 13ರಂದು ಮರಿಯಾ ತೆರೇಸಾಳ ಮಗ ಚಕ್ರವರ್ತಿ ಎರಡನೆಯ ಜೋಸೆಫ್ ಸಹನೆಯ ಆಜ್ಞಾಪತ್ರವನ್ನು ಹೊರಡಿಸಿದನು. ಲೂಥರನ್ನರೂ, ಕ್ಯಾಲ್ವಿನ್ನನ ಪಂಥದವರೂ, ಗ್ರೀಕ್ ಆರ್ಥೊಡಾಕ್ಸ್ ಸಭೆಯವರೂ ತಮ್ಮ ಹೆಸರು ಬರೆಯಿಸಬಹುದು. ನೂರು ಕುಟುಂಬಗಳೋ ಐದು ನೂರು ಜನರೋ ಇದ್ದಲ್ಲಿ ಪ್ರಾರ್ಥನಾಮಂದಿರ ಕಟ್ಟಿಕೊಳ್ಳಬಹುದು. ಅಧಿಕಾರಿಗಳು ಕೆಲವರಷ್ಟೇ ಬಂದಾರೆಂದು ಎಣಿಸಿದ್ದರು. ಅಳಿದುಹೋಯಿತೆಂದು ದಾಖಲೆಯಾಗಿದ್ದ ಧರ್ಮದ ಜನ ಹಳ್ಳಿ ಹಳ್ಳಿಗಳಿಂದ ಸಾವಿರ ಸಾವಿರವಾಗಿ ಬಂದು ನಿಂತರು. ಮುತ್ತಜ್ಜನ ಮುತ್ತಜ್ಜನ ಕಾಲದಿಂದ ಪಾದ್ರಿಯೊಬ್ಬನನ್ನೂ ಕಾಣದ ಜನ, ನಾವು ಲೂಥರನ್ನರು ಎಂದು ಬರೆಯಿಸಿದರು. ಬೇಗನೆ ಸರಕಾರವೂ ಎಚ್ಚೆತ್ತು, 1783ರಿಂದ ಹೊಸದಾಗಿ ಬರುವವರು ಕ್ಯಾಥೊಲಿಕ್ ಪಾದ್ರಿಯ ಬಳಿ ಆರು ವಾರಗಳ ಉಪದೇಶ ಕೇಳಿ ಬರಬೇಕೆಂದು ತಡೆಗೋಡೆ ಹಾಕಿತು.

ಸಹನೆಯೆಂಬ ಆ ಶಬ್ದವನ್ನು ಸ್ವಲ್ಪ ನೋಡೋಣ. ನಮ್ಮ ಭಾಷೆಯಲ್ಲಿ ಸಹಿಸುವುದು ನೋವನ್ನು, ಭಾರವನ್ನು, ಅನ್ಯಾಯವನ್ನು. ಸಹನೆ ಕಷ್ಟಪಡುವವನ ಗುಣ. ಅಲ್ಲಿ ಅದು ಅರಸನ ಗುಣ. ಹಾಗಾದರೆ ಪ್ರಜೆ ಅರಸನಿಗೆ ಒಂದು ನೋವಾದನೆಂದೇ ಅರ್ಥ. ಆಜ್ಞಾಪತ್ರದ ವಿಧಿಗಳಲ್ಲಿಯೂ ಈ ಭಾವ ಕಾಣುತ್ತದೆ. ಮಂದಿರಕ್ಕೆ ಗೋಪುರವಿರಕೂಡದು, ಗಂಟೆಯಿರಕೂಡದು, ಬೀದಿಗೆ ಬಾಗಿಲಿರಕೂಡದು. ತಂದೆ ಕ್ಯಾಥೊಲಿಕನಾದರೆ ಮಕ್ಕಳೆಲ್ಲ ಕ್ಯಾಥೊಲಿಕರು. ತಾಯಿ ಕ್ಯಾಥೊಲಿಕಳಾದರೆ ಗಂಡುಮಕ್ಕಳು ಮಾತ್ರ ತಂದೆಯ ಮತದವರು. ಮದುವೆ ಮರಣಗಳ ಕಾಣಿಕೆ ಊರಿನ ಕ್ಯಾಥೊಲಿಕ್ ಪಾದ್ರಿಗೇ ಸಲ್ಲಬೇಕು. ವಿಯೆನ್ನಾದಲ್ಲಿ ಮುಚ್ಚಿಹೋದ ಕನ್ಯಾಮಠವೊಂದರ ಚರ್ಚನ್ನು ಲೂಥರನ್ನರು ಕೊಂಡು 1783ರಲ್ಲಿ ಪ್ರತಿಷ್ಠೆ ಮಾಡಿದರು. ಹಳ್ಳಿಗಳಲ್ಲಿ ಹೊರನೋಟಕ್ಕೆ ಧಾನ್ಯದ ಕೊಟ್ಟಿಗೆಯಂತಿದ್ದ ಮಂದಿರಗಳು ಎದ್ದವು. ಬಚ್ಚಿಟ್ಟವರಿಗೆ ಬಯಲಿಗೆ ಬನ್ನಿ ಎಂದು ಹೇಳಿ, ಬಂದ ಮೇಲೆ ಅವರ ಮಂದಿರವನ್ನು ಬಚ್ಚಿಡಿಸಿದರು. ಅದು ಕೂಡ ಟಿರೋಲ್ ಪ್ರಾಂತಕ್ಕೆ ಅನ್ವಯಿಸದೆಂದು ಅಲ್ಲಿಯವರು ಹಟ ಹಿಡಿದು, 1837ರಷ್ಟು ಈಚೆಗೆ ಸಿಲ್ಲರ್ ಕಣಿವೆಯ ನಾನೂರಕ್ಕೂ ಹೆಚ್ಚು ಜನರನ್ನು ಪ್ರಷ್ಯಾದ ಸೈಲೀಸಿಯಾಕ್ಕೆ ಅಟ್ಟಿದರು. ಗೋಪುರಕ್ಕೂ ಗಂಟೆಗೂ ಅನುಮತಿ ಬಂದದ್ದು 1848ರ ಕ್ರಾಂತಿಯ ತರುವಾಯ. ಸಮಾನತೆಗೆ ಹತ್ತಿರವಾದ ಹಕ್ಕು ದೊರೆತದ್ದು 1861ರ ಏಪ್ರಿಲ್ 8ರಂದು, ಫ್ರಾನ್ಸಿಸ್ ಜೋಸೆಫನ ಆಜ್ಞಾಪತ್ರದಿಂದ.

ಇಲ್ಲಿಗೆ ಕಥೆಯನ್ನು ನಿಲ್ಲಿಸಿದ್ದರೆ ಒಳ್ಳೆಯ ಪುರಾಣವಾಗುತ್ತಿತ್ತು. ಆದರೆ ನಾವು ಬರೆಯುತ್ತಿರುವುದು ಪುರಾಣವನ್ನಲ್ಲ. ಸಾಲ್ಟ್ಸ್‌ಬುರ್ಗ್‌ನಿಂದ ಹೊರಟವರಲ್ಲಿ ಒಂದು ಗುಂಪು 1734ರಲ್ಲಿ ಅಮೆರಿಕದ ಜಾರ್ಜಿಯಾಕ್ಕೆ ಹೋಗಿ ಎಬೆನೇಜರ್ ಎಂಬ ಊರನ್ನು ಕಟ್ಟಿತು. ಅವರ ಪಾದ್ರಿ ಬೋಲ್ಟ್ಸಿಯುಸ್ ನೀಗ್ರೋ ಜನರನ್ನು ಗುಲಾಮರನ್ನಾಗಿ ಇಟ್ಟುಕೊಳ್ಳುವುದನ್ನು ಮೊದಮೊದಲು ಧೈರ್ಯವಾಗಿ ವಿರೋಧಿಸಿದನು. ವರ್ಷಗಳು ಕಳೆದಂತೆ ಸುತ್ತಲಿನ ಒತ್ತಡಕ್ಕೆ ಮಣಿದನು. ಸ್ವದೇಶದ ಸಭೆಯ ಕಥೆ ಇದಕ್ಕಿಂತ ಕಹಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರೋಮಿನಿಂದ ಬಿಡುಗಡೆ ಎಂಬ ಚಳವಳಿ ಎದ್ದಿತು. ಅದರ ಮುಖ್ಯ ಪ್ರೇರಕ ಶ್ಯೋನೆರರ್ ಎಂಬ ರಾಜಕಾರಣಿಗೆ ಬೇಕಾಗಿದ್ದುದು ಲೂಥರನಲ್ಲ, ಜರ್ಮನ್ ಜನಾಂಗದ ಐಕ್ಯ. ಅವನು ಯೆಹೂದ್ಯರ ಕಡುದ್ವೇಷಿಯೂ ಆಗಿದ್ದನು. ಸಾವಿರಾರು ಜನ ಹೀಗೆ ಚರ್ಚಿಗೆ ಬಂದಾಗ ಸಣ್ಣ ಸಭೆಗೆ ಸಂತೋಷವಾಯಿತು. ಬಂದವರು ಏನನ್ನು ಹೊತ್ತು ತಂದರೆಂದು ಕೇಳಿದವರು ಕಡಮೆ. ನಮ್ಮ ಮಠಗಳಲ್ಲಿಯೂ ಭಕ್ತರ ಸಂಖ್ಯೆ ಹೆಚ್ಚಿದಾಗ ಈ ಪ್ರಶ್ನೆ ಕೇಳುವ ರೂಢಿಯಿಲ್ಲವೆಂಬುದನ್ನು ಇಲ್ಲೇ ಒಪ್ಪಿಕೊಳ್ಳುತ್ತೇವೆ.

1934ರಿಂದ ನಾಲ್ಕು ವರ್ಷ ಆಸ್ಟ್ರಿಯಾದಲ್ಲಿ ಕ್ಯಾಥೊಲಿಕ್ ಧರ್ಮವನ್ನೇ ಆಧಾರವಾಗಿ ಹೇಳಿಕೊಂಡ ಸರ್ವಾಧಿಕಾರ ನಡೆಯಿತು. ಹಳೆಯ ಭಯ ಲೂಥರನ್ನರಲ್ಲಿ ಮತ್ತೆ ಎದ್ದಿತು. 1938ರ ಮಾರ್ಚಿಯಲ್ಲಿ ಹಿಟ್ಲರನ ಸೈನ್ಯ ಒಳಗೆ ಬಂದಾಗ ಸಭೆಯ ನಾಯಕರೂ ಅನೇಕ ಪಾದ್ರಿಗಳೂ ಅದನ್ನು ಬಿಡುಗಡೆಯೆಂದು ಸ್ವಾಗತಿಸಿದರು. ಕ್ಯಾಥೊಲಿಕ್ ಕಾರ್ಡಿನಲ್ ಇನಿಟ್ಸರ್ ಕೂಡ ಆ ದಿನಗಳಲ್ಲಿ ಸ್ವಾಗತದ ಪತ್ರಕ್ಕೆ ರುಜು ಹಾಕಿದರೆಂಬುದು ನಿಜ. ಅದರಿಂದ ಇವರ ತಪ್ಪು ಹಗುರವಾಗುವುದಿಲ್ಲ. ಅದೇ ವಾರಗಳಲ್ಲಿ ವಿಯೆನ್ನಾದ ಬೀದಿಗಳಲ್ಲಿ ಯೆಹೂದ್ಯರನ್ನು, ಮುದುಕರೆನ್ನದೆ ಹೆಂಗಸರೆನ್ನದೆ, ಮಂಡಿಯೂರಿಸಿ ಕಲ್ಲುಹಾಸನ್ನು ಉಜ್ಜಿಸುತ್ತಿದ್ದರು. ಮಂಡಿಯೂರಿಸುವುದೆಂದರೆ ಏನೆಂದು ಆ ನಗರದಲ್ಲಿ ಲೂಥರನ್ನರಿಗಿಂತ ಚೆನ್ನಾಗಿ ಬಲ್ಲವರಾರಿದ್ದರು? ನೋವುಂಡವನು ಪರರ ನೋವನ್ನು ಬಲ್ಲನೆಂದು ನಾವು ಪ್ರವಚನಗಳಲ್ಲಿ ಹೇಳುತ್ತ ಬಂದಿದ್ದೇವೆ. ಇದನ್ನು ಓದಿದ ಮೇಲೆ ಆ ಮಾತನ್ನು ಹಾಗೆ ಸಲೀಸಾಗಿ ಆಡಲು ನಮಗೆ ಬಾಯಿ ಬರುತ್ತಿಲ್ಲ. ತನ್ನ ನೋವಿನ ಕಥೆಯನ್ನು ಶತಮಾನಗಳ ಕಾಲ ತನಗೆ ತಾನೇ ಹೇಳಿಕೊಂಡ ಸಮುದಾಯಕ್ಕೆ ಕೆಲವೊಮ್ಮೆ ಬೇರೆಯವರ ಅಳು ಕೇಳಿಸುವುದೇ ಇಲ್ಲ. ಆ ಸಭೆ ಇದನ್ನು ತಾನೇ ಒಪ್ಪಿಕೊಂಡಿತೆಂಬುದು ಅದರ ಹಿರಿಮೆ. ಯೆಹೂದ್ಯರ ವಿಷಯದಲ್ಲಿ ತಾನು ಮಾಡಿದ ಅಪರಾಧವನ್ನು 1998ರ ತನ್ನ ಮಹಾಸಭೆಯ ಹೇಳಿಕೆಯಲ್ಲಿ ಹೆಸರಿಟ್ಟು ಹೇಳಿತು. ಅರುವತ್ತು ವರ್ಷ ಹಿಡಿಯಿತು.

ಕ್ಷಮೆ ಕೇಳಿದವರು ಇನ್ನೊಂದು ಪಕ್ಷದಲ್ಲಿಯೂ ಇದ್ದಾರೆ. ಸಾಲ್ಟ್ಸ್‌ಬುರ್ಗ್‌ನ ಆರ್ಚ್‌ಬಿಷಪ್ ಆಂಡ್ರೇಯಾಸ್ ರೋರಾಖರ್ ಅವರು 1966ರಲ್ಲಿ, ತಮ್ಮ ಪೀಠದಲ್ಲಿ ಕುಳಿತಿದ್ದವರು ಲೂಥರನ್ನರನ್ನು ಹೊರಡಿಸಿದ್ದಕ್ಕಾಗಿ ಕ್ಷಮೆ ಯಾಚಿಸಿದರು. 1961ರಲ್ಲಿ ಬಂದ ಕಾನೂನು ಈ ಸಭೆಯನ್ನು ಸ್ವತಂತ್ರ ರಾಷ್ಟ್ರದ ಸ್ವತಂತ್ರ ಸಭೆಯನ್ನಾಗಿ ಮಾಡಿತ್ತು. ಆಗ ನಾಲ್ಕು ಲಕ್ಷಕ್ಕೂ ಮೀರಿದ್ದ ಸದಸ್ಯರು ಈಗ ಸುಮಾರು ಎರಡೂವರೆ ಲಕ್ಷ. ಒಂಬತ್ತು ದಶಲಕ್ಷ ಜನರ ದೇಶದಲ್ಲಿ ಶೇಕಡ ಮೂರು. ಅವರಿಗೆ ಅತಿ ಪವಿತ್ರವಾದ ಗುಡ್ ಫ್ರೈಡೇ ದಿನ ಅವರಿಗೂ ಇನ್ನು ಕೆಲವು ಸಣ್ಣ ಸಭೆಗಳಿಗೂ ಮಾತ್ರ ಸಂಬಳದ ರಜೆಯಿತ್ತು. ಇದು ಉಳಿದವರಿಗೆ ಮಾಡುವ ಭೇದವೆಂದು ಯುರೋಪಿನ ನ್ಯಾಯಾಲಯ 2019ರ ಜನವರಿಯಲ್ಲಿ ತೀರ್ಪಿತ್ತಿತು. ಎಲ್ಲರಿಗೂ ರಜೆ ಕೊಡುವ ಬದಲು ಸರಕಾರ ಆ ರಜೆಯನ್ನೇ ತೆಗೆದು, ಬೇಕಾದವರು ವರ್ಷದ ತಮ್ಮ ರಜೆಗಳಲ್ಲೇ ಒಂದು ದಿನವನ್ನು ಆರಿಸಿಕೊಳ್ಳಲಿ ಎಂದಿತು. ಹೀಗೆ ಇಂದಿನ ಲೂಥರನ್ ನೌಕರನು ಆ ದಿನ ಬೇಕೆಂದು ಮೂರು ತಿಂಗಳು ಮುಂಚಿತವಾಗಿ ಧಣಿಗೆ ಬರೆದುಕೊಡಬೇಕು. ಅವನ ಪೂರ್ವಜರು 1781ರಲ್ಲಿ ಅಧಿಕಾರಿಯ ಮುಂದೆ ಹೆಸರು ಬರೆಯಿಸಿದಾಗ ಜೀವ ಕೈಯಲ್ಲಿ ಹಿಡಿದಿದ್ದರು. ಇವನಿಗೆ ಕಳೆದುಕೊಳ್ಳುವುದೇನೂ ಇಲ್ಲ, ಒಂದಿಷ್ಟು ಸಂಕೋಚದ ಹೊರತು. ಆದರೂ ಎಷ್ಟು ಜನ ಬರೆದುಕೊಡುತ್ತಾರೋ!

ಸಂಕೋಚವೆಂಬ ಶಬ್ದ ಬಂದಾಗ ನಮಗೆ ಶಿಷ್ಯನ ನೆನಪಾಯಿತು. ಅವನಿಗೊಂದು ಪತ್ರ ಬರೆದೆವು. ರಾಮ್‌ಸೌ ಊರಿನ ರೈತ ಅಡಗಿಸಿದ್ದು ಮಕ್ಕಳನ್ನು ಕಳೆದುಕೊಳ್ಳುವ ಭಯದಿಂದ. ನಿನ್ನನ್ನು ಬೇಡವೆಂದವರು ಯಾರೂ ಇಲ್ಲವೆಂದು ನೀನೇ ಹೇಳಿದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆವೆಂದು ತಿಳಿಸಿದೆವು. ಅಂಗದಿಂದ ಲಿಂಗ ಅಗಲಬಾರದೆಂಬ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ಅದರೊಡನೆ ಇನ್ನೊಂದನ್ನು ಕೇಳಿದೆವು. ಆ ರೈತ ಲೋಕಕ್ಕೆಲ್ಲ ಮುಚ್ಚಿಟ್ಟದ್ದನ್ನು ಪ್ರತಿ ರಾತ್ರಿ ತನ್ನ ಮಕ್ಕಳ ಮುಂದೆ ತೆರೆಯುತ್ತಿದ್ದ. ನೀನು ಪೂಜೆ ಮಾಡುವುದು ಎಲ್ಲರೂ ಮಲಗಿದ ಮೇಲೆ ಎಂದೆಯಲ್ಲ, ಬೀಗ ಹಾಕಿದ ಆ ಪೆಟ್ಟಿಗೆಯಲ್ಲಿ ಏನಿದೆಯೆಂದು ನಿನ್ನ ಮಗಳಿಗೆ ಗೊತ್ತೇ?

ಉತ್ತರ ಇನ್ನೂ ಬಂದಿಲ್ಲ.